ಸಂಕಷ್ಟದಲ್ಲಿರುವ ರಾಸಾಯನಿಕ ಉದ್ಯಮಕ್ಕೆ ಪ್ರಾದೇಶಿಕ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಜಿಗಣಿ, ಬೊಮ್ಮಸಂದ್ರ, ಕುಂಬಳಗೋಡು ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಬಣ್ಣ, ಅಂಟು, ರಾಳ, ಲೋಹಲೇಪನ ಮತ್ತು ಔಷಧ ಕಚ್ಚಾವಸ್ತುಗಳ ಕೆಲಸ ಮಾಡುವ ಸಣ್ಣ ಉದ್ಯಮಿಗಳು, ಅಲ್ಲಿ ದುಡಿಯುವ ಕಾರ್ಮಿಕರು, ಹಾಗೂ ಆ ಪ್ರದೇಶಗಳ ಅಂಚಿನಲ್ಲಿ ವಾಸಿಸುವ ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ದೇಶದ ಸರ್ಕಾರಕ್ಕಿಂತ ಕೆಳಗಿನ ಹಂತದಲ್ಲಿ, ಅಂದರೆ ರಾಜ್ಯ, ಪ್ರಾಂತ್ಯ, ಬಂದರು ಅಥವಾ ಕೈಗಾರಿಕಾ ಪ್ರದೇಶದ ಮಟ್ಟದಲ್ಲಿ ಏನು ಮಾಡಲು ಸಾಧ್ಯ ಎಂಬುದೇ ಇಲ್ಲಿನ ವಿಷಯ.

ರಾಸಾಯನಿಕ ಉದ್ಯಮ ಸಂಕಷ್ಟದಲ್ಲಿದೆ ಎನ್ನುತ್ತಾರೆ. ನಿಜವಾಗಿ ಆಗಿರುವುದೇನು?

ಬೇರೆ ಉದ್ಯಮಗಳಿಗೆ ನೈಸರ್ಗಿಕ ಅನಿಲ ಮತ್ತು ಕಚ್ಚಾತೈಲ ಕೇವಲ ಇಂಧನ. ರಾಸಾಯನಿಕ ಉದ್ಯಮಕ್ಕೆ ಅವೇ ಕಚ್ಚಾವಸ್ತು ಕೂಡ. ಅಮೋನಿಯಾ ತಯಾರಿಸುವ ಕಾರ್ಖಾನೆ ಅನಿಲವನ್ನು ಉರಿಸುವುದಷ್ಟೇ ಅಲ್ಲ, ಅದರಿಂದಲೇ ಹೈಡ್ರೋಜನ್ ಪಡೆಯುತ್ತದೆ. ಆದ್ದರಿಂದ 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಯುರೋಪಿನ ಅನಿಲದ ಬೆಲೆ ಏಕಾಏಕಿ ಏರಿದಾಗ ಆ ಖಂಡದ ರಾಸಾಯನಿಕ ಕಾರ್ಖಾನೆಗಳಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿರುವ ಬಿಎಎಸ್‌ಎಫ್ ಸಂಕೀರ್ಣವು ಜಗತ್ತಿನ ಅತಿ ದೊಡ್ಡ ಸಂಯೋಜಿತ ರಾಸಾಯನಿಕ ನೆಲೆ. ಅಲ್ಲಿಯೇ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ 2023ರ ಫೆಬ್ರುವರಿಯಲ್ಲಿ ಕಂಪನಿ ಪ್ರಕಟಿಸಿತು. ಯುರೋಪಿನ ರಾಸಾಯನಿಕ ಉದ್ಯಮಗಳ ಒಕ್ಕೂಟವಾದ ಸೆಫಿಕ್ ನೀಡಿದ ಲೆಕ್ಕದಂತೆ 2023 ಮತ್ತು 2024ರಲ್ಲಿ 21 ಪ್ರಮುಖ ನೆಲೆಗಳಲ್ಲಿ 1.1 ಕೋಟಿ ಟನ್ನಿಗೂ ಹೆಚ್ಚು ಉತ್ಪಾದನಾ ಸಾಮರ್ಥ್ಯವನ್ನು ಮುಚ್ಚುವ ನಿರ್ಧಾರಗಳು ಹೊರಬಿದ್ದಿವೆ.

ಅನಿಲದ ಬೆಲೆ ಒಂದೇ ಕಾರಣವಲ್ಲ. ಅಮೆರಿಕದಲ್ಲಿ ಶೇಲ್ ಎಂಬ ಕಲ್ಲಿನ ಪದರಗಳಿಂದ, ರಾಸಾಯನಿಕಗಳಿಗೆ ಕಚ್ಚಾವಸ್ತುವಾಗುವ ಈಥೇನ್ ಅನಿಲ ಅಗ್ಗವಾಗಿ ದೊರೆಯುತ್ತಿದೆ. ಚೀನಾ ಬೇಡಿಕೆಗಿಂತ ವೇಗವಾಗಿ ಹೊಸ ಸಾಮರ್ಥ್ಯವನ್ನು ಕಟ್ಟಿದ್ದರಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಸರಕು ಹೆಚ್ಚಾಗಿ ಲಾಭಾಂಶ ಕುಸಿದಿದೆ. ಭಾರತದ ಸ್ಥಿತಿ ಸ್ವಲ್ಪ ಬೇರೆ. ಇಲ್ಲಿ ಬೇಡಿಕೆ ಬೆಳೆಯುತ್ತಿದೆ, ಆದರೆ ಅದರ ಗಣನೀಯ ಭಾಗವನ್ನು ಪೂರೈಸುತ್ತಿರುವುದು ಆಮದು. ನೀತಿ ಆಯೋಗದ 2025ರ ವರದಿಯ ಪ್ರಕಾರ 2023ರಲ್ಲಿ ರಾಸಾಯನಿಕಗಳ ವ್ಯಾಪಾರದಲ್ಲಿ ನಮ್ಮ ಕೊರತೆ 31 ಶತಕೋಟಿ ಡಾಲರ್, ಜಾಗತಿಕ ಮೌಲ್ಯ ಸರಪಳಿಯಲ್ಲಿ ನಮ್ಮ ಪಾಲು ಶೇ 3.5 ಮಾತ್ರ.

ಒಂದು ಕಾರ್ಖಾನೆ ಮುಚ್ಚಿದರೆ ಅದು ಅದರ ಮಾಲೀಕರ ನಷ್ಟ. ಇಡೀ ಪ್ರದೇಶ ಏಕೆ ಚಿಂತಿಸಬೇಕು?

ಒಂದು ಕಾರ್ಖಾನೆಯಿಂದ ಹೊರಬರುವ ವಸ್ತು ಪಕ್ಕದ ಕಾರ್ಖಾನೆಗೆ ಒಳಹೋಗುವ ವಸ್ತುವಾಗಿರುತ್ತದೆ. ಕಚ್ಚಾತೈಲದಿಂದ ಸಿಗುವ ನಾಫ್ತಾವನ್ನು ಒಡೆಯುವ ಕ್ರ್ಯಾಕರ್ ಎಂಬ ಘಟಕದಿಂದ ಎಥಿಲೀನ್ ಅನಿಲ ಬರುತ್ತದೆ. ಎಥಿಲೀನ್ ಮತ್ತು ಕ್ಲೋರಿನ್ ಸೇರಿ ಪಿವಿಸಿ ಪ್ಲಾಸ್ಟಿಕ್ಕಿನ ಮೂಲವಸ್ತುವಾಗುತ್ತದೆ. ಕ್ಲೋರಿನ್ ಜೊತೆಯಲ್ಲೇ ಹುಟ್ಟುವ ಕಾಸ್ಟಿಕ್ ಸೋಡಾ ಸಾಬೂನು, ಕಾಗದ ಮತ್ತು ಜವಳಿಗೆ ಹೋಗುತ್ತದೆ. ಇಂತಹ ವಸ್ತುಗಳಲ್ಲಿ ಹಲವನ್ನು ಲಾರಿಯಲ್ಲಿ ದೂರ ಸಾಗಿಸುವುದು ದುಬಾರಿ, ಕೆಲವನ್ನು ಸಾಗಿಸುವುದು ಅಪಾಯಕಾರಿ ಕೂಡ. ಆದ್ದರಿಂದ ಅವು ಪೈಪುಗಳ ಮೂಲಕ ಹರಿಯುತ್ತವೆ. ನಾಲೆಯ ತಲೆಭಾಗದಲ್ಲಿ ತೂಬು ಮುಚ್ಚಿದರೆ ಕೊನೆಭಾಗದ ರೈತನ ಗದ್ದೆ ಒಣಗುವ ಹಾಗೆ, ಕ್ರ್ಯಾಕರ್ ನಿಂತರೆ ಅದನ್ನು ನಂಬಿದ ಹತ್ತಾರು ಘಟಕಗಳು ತಮ್ಮದೇನೂ ತಪ್ಪಿಲ್ಲದಿದ್ದರೂ ಸೊರಗುತ್ತವೆ.

ಡೌ ಕಂಪನಿಯು ಜರ್ಮನಿಯ ಬೋಲೆನ್‌ನಲ್ಲಿರುವ ಎಥಿಲೀನ್ ಕ್ರ್ಯಾಕರ್ ಮತ್ತು ಷ್ಕೋಪಾವ್‌ನಲ್ಲಿರುವ ಕ್ಲೋರಿನ್ ಹಾಗೂ ವಿನೈಲ್ (ಪಿವಿಸಿಯ ಮೂಲವಸ್ತು) ಘಟಕಗಳನ್ನು 2027ರ ಕೊನೆಯಲ್ಲಿ ಮುಚ್ಚುವುದಾಗಿ 2025ರ ಜುಲೈನಲ್ಲಿ ಹೇಳಿದಾಗ, ಆ ಕಂಪನಿಯ ಕಾರ್ಮಿಕರಷ್ಟೇ ಅಲ್ಲದೆ ಇಡೀ ಮಧ್ಯ ಜರ್ಮನಿಯ ರಾಸಾಯನಿಕ ವಲಯ ಗಾಬರಿಗೊಂಡದ್ದು ಈ ಕಾರಣಕ್ಕಾಗಿ. ನೆರವಿನ ಬಗ್ಗೆ ಮುಂದೆ ಬರುವ ಎಲ್ಲ ಉತ್ತರಗಳ ಹಿಂದೆ ಒಂದೇ ನಿಲುವಿದೆ: ಸಾರ್ವಜನಿಕ ಹಣವು ಒಂದು ಕಂಪನಿಯ ನಷ್ಟ ತುಂಬಲು ಹೋಗಬಾರದು, ಹಲವು ಘಟಕಗಳು ಹಂಚಿಕೊಳ್ಳುವ ಪೈಪು, ಹಬೆ, ನೀರು, ತ್ಯಾಜ್ಯ ಸಂಸ್ಕರಣೆ ಮತ್ತು ಕೆಲಸ ಬಲ್ಲ ಕೈಗಳನ್ನು ಉಳಿಸಲು ಹೋಗಬೇಕು.

ಬೆಂಗಳೂರಿನಲ್ಲಿ ದೊಡ್ಡ ಪೆಟ್ರೋಕೆಮಿಕಲ್ ಕಾರ್ಖಾನೆಯೇ ಇಲ್ಲ. ನಮಗೇಕೆ ಈ ಚರ್ಚೆ?

ನಾವು ಸರಪಳಿಯ ಕೊನೆಯ ಕೊಂಡಿಯಲ್ಲಿದ್ದೇವೆ. ಪೀಣ್ಯದ ಲೋಹಲೇಪನ ಘಟಕಕ್ಕೆ ಆಮ್ಲ ಮತ್ತು ಕಾಸ್ಟಿಕ್ ಬೇಕು, ಪೌಡರ್ ಕೋಟಿಂಗ್ ಮಾಡುವವರಿಗೆ ರಾಳ ಬೇಕು, ವೈಮಾನಿಕ ಬಿಡಿಭಾಗ ತಯಾರಿಸುವವರಿಗೆ ಎಪಾಕ್ಸಿ ಬೇಕು, ಔಷಧ ಕಂಪನಿಗಳಿಗೆ ದ್ರಾವಕಗಳು ಬೇಕು. ಇವುಗಳ ಬೆಲೆಯನ್ನು ನಿರ್ಧರಿಸುವ ಶಕ್ತಿ ನಮ್ಮ ಸಣ್ಣ ಘಟಕಗಳಿಗೆ ಇಲ್ಲ. ಮೇಲಿನ ಕೊಂಡಿ ಕಳಚಿದರೆ ಮೊದಲು ಪೆಟ್ಟು ತಿನ್ನುವವರು ಮಾತ್ರ ಅವರೇ. ಇದರ ಜೊತೆಗೆ, ಮಂಗಳೂರಿನ ಪೆಟ್ರೋಕೆಮಿಕಲ್ ನೆಲೆಗೂ, ಯಾದಗಿರಿಯ ಕಡೇಚೂರಿಗೂ, ಬೀದರಿನ ಕೊಳಾರಕ್ಕೂ ನೀತಿ ರೂಪುಗೊಳ್ಳುವುದು ವಿಧಾನಸೌಧದ ಸುತ್ತಮುತ್ತಲೇ.

ಈ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ ಎಷ್ಟು ಅಧಿಕಾರವಿದೆ?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೈಗಾರಿಕೆ ಎಂಬುದು ರಾಜ್ಯ ಪಟ್ಟಿಯ 24ನೆಯ ನಮೂದು. ಆದರೆ ಸಂಸತ್ತು ತನ್ನ ವ್ಯಾಪ್ತಿಗೆ ತೆಗೆದುಕೊಂಡ ಕೈಗಾರಿಕೆಗಳಿಗೆ ಅದು ಅನ್ವಯಿಸುವುದಿಲ್ಲ. ಆಮದು ಸುಂಕ, ಅನಿಲದ ಹಂಚಿಕೆ, ರಸಗೊಬ್ಬರದ ಸಹಾಯಧನ, ದೊಡ್ಡ ಯೋಜನೆಗಳ ಪರಿಸರ ಅನುಮತಿ ಇವೆಲ್ಲ ಕೇಂದ್ರದ ಕೈಯಲ್ಲಿವೆ. ರಾಜ್ಯದ ಕೈಯಲ್ಲಿರುವುದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ ಜಮೀನು, ನೀರಿನ ಹಂಚಿಕೆ, ವಿದ್ಯುತ್ ದರದ ಮೇಲಿನ ರಿಯಾಯಿತಿ, ಮುದ್ರಾಂಕ ಶುಲ್ಕ, ರಾಜ್ಯ ಜಿಎಸ್‌ಟಿಯ ಮರುಪಾವತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಕಾರ್ಖಾನೆಗಳ ಸುರಕ್ಷತಾ ತಪಾಸಣೆ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು. ಪಟ್ಟಿ ಚಿಕ್ಕದೇನಲ್ಲ. ಹಂಚಿಕೊಳ್ಳುವ ಸೌಕರ್ಯಗಳಲ್ಲಿ ಬಹುಪಾಲು ಇದರೊಳಗೇ ಬರುತ್ತವೆ ಎಂಬುದನ್ನು ಗಮನಿಸಬೇಕು.

ಜರ್ಮನಿಯ ಪೂರ್ವ ಭಾಗವನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಏನು ನಡೆಯಿತು?

1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಲೊಯ್ನಾ, ಷ್ಕೋಪಾವ್, ಬಿಟ್ಟರ್‌ಫೆಲ್ಡ್, ಬೋಲೆನ್ ಸುತ್ತಲಿನ ರಾಸಾಯನಿಕ ಕಾರ್ಖಾನೆಗಳು ಹಳೆಯ ಯಂತ್ರಗಳಿಂದ, ವಿಷವಾಗಿದ್ದ ಮಣ್ಣಿನಿಂದ ಮತ್ತು ಒಮ್ಮೆಲೇ ಕಳೆದುಕೊಂಡ ಪೂರ್ವ ಯುರೋಪಿನ ಗ್ರಾಹಕರಿಂದಾಗಿ ಕುಸಿದುಬೀಳುವ ಸ್ಥಿತಿಯಲ್ಲಿದ್ದವು. ಅವನ್ನೆಲ್ಲ ಮುಚ್ಚಿಬಿಡುವುದೇ ಲೆಕ್ಕದ ಪ್ರಕಾರ ಸುಲಭವಾಗಿತ್ತು. ಆದರೆ ಆಗಿನ ಚಾನ್ಸಲರ್ ಹೆಲ್ಮುಟ್ ಕೋಲ್ 1991ರಲ್ಲಿ ಅಲ್ಲಿಗೇ ಹೋಗಿ ಈ ರಾಸಾಯನಿಕ ನೆಲೆಗಳನ್ನು ಉಳಿಸುವುದಾಗಿ ಮಾತು ಕೊಟ್ಟರು. ಅವರು ಮಾತು ಕೊಟ್ಟದ್ದು ನೆಲೆಗಳಿಗೆ. ಪ್ರತಿಯೊಂದು ಕಾರ್ಖಾನೆಯೂ, ಪ್ರತಿಯೊಬ್ಬರ ಉದ್ಯೋಗವೂ ಉಳಿಯಲಿಲ್ಲ, ಬಹುಪಾಲು ಉದ್ಯೋಗಗಳು ಹೋದವು. ಆ ನೋವನ್ನು ಮುಚ್ಚಿಟ್ಟು ಈ ಕಥೆಯನ್ನು ಹೇಳುವುದು ಸರಿಯಲ್ಲ.

ಉಳಿದದ್ದು ನೆಲ ಮತ್ತು ಅದರ ಮೇಲಿನ ಜಾಲ. ಹಳೆಯ ಬೃಹತ್ ಸರ್ಕಾರಿ ಸಂಸ್ಥೆಗಳನ್ನು ಒಡೆದು ಎರಡು ಭಾಗ ಮಾಡಲಾಯಿತು. ಉತ್ಪಾದನಾ ಘಟಕಗಳನ್ನು ಬೇರೆ ಬೇರೆ ಕಂಪನಿಗಳು ಕೊಂಡವು. ಹಬೆ, ವಿದ್ಯುತ್, ನೀರು, ರೈಲು ಹಳಿ, ಅಗ್ನಿಶಾಮಕ ದಳ, ತ್ಯಾಜ್ಯನೀರಿನ ಸಂಸ್ಕರಣೆ ಇವುಗಳನ್ನು ನಡೆಸಲು ಪ್ರತ್ಯೇಕ ನಿರ್ವಹಣಾ ಸಂಸ್ಥೆ ಹುಟ್ಟಿತು. ಲೊಯ್ನಾದಲ್ಲಿ ಅದರ ಹೆಸರು ಇನ್‌ಫ್ರಾಲೊಯ್ನಾ. ಹೊಸದಾಗಿ ಬರುವ ಕಂಪನಿ ತನ್ನ ರಿಯಾಕ್ಟರ್ ತಂದು ನಿಲ್ಲಿಸಿದರೆ ಸಾಕು; ಬಾಯ್ಲರ್ ಕಟ್ಟುವ, ಕೊಳವೆಬಾವಿ ಕೊರೆಯುವ, ಸಂಸ್ಕರಣಾ ಘಟಕ ಹಾಕುವ ಗೊಡವೆ ಅದಕ್ಕಿಲ್ಲ. ಮಣ್ಣಿನ ಹಳೆಯ ಮಾಲಿನ್ಯದ ಹೊಣೆಯನ್ನು ಸರ್ಕಾರ ಹೊತ್ತುಕೊಂಡಿತು, ಇಲ್ಲದಿದ್ದರೆ ಯಾವ ಹೂಡಿಕೆದಾರರೂ ಅಂತಹ ನೆಲಕ್ಕೆ ಬರುತ್ತಿರಲಿಲ್ಲ. 1995ರಲ್ಲಿ ಡೌ ಕಂಪನಿ ಷ್ಕೋಪಾವ್ ಮತ್ತು ಬೋಲೆನ್‌ಗೆ ಬಂತು. ಲೊಯ್ನಾದಲ್ಲಿ ಹೊಸ ತೈಲ ಸಂಸ್ಕರಣಾಗಾರ ಎದ್ದಿತು. ಬಿಟ್ಟರ್‌ಫೆಲ್ಡ್‌ನಲ್ಲಿ ಬಾಯರ್ ಆಸ್ಪಿರಿನ್ ಮಾತ್ರೆ ತಯಾರಿಸತೊಡಗಿತು. ಈ ನೆಲೆಗಳನ್ನು ಪೈಪುಗಳು ಒಂದಕ್ಕೊಂದು ಜೋಡಿಸಿವೆ.

ನನ್ನ ದೃಷ್ಟಿಯಲ್ಲಿ ಈ ಮಾದರಿಯ ಶಕ್ತಿ ಇರುವುದು ಮಾಲೀಕತ್ವವನ್ನು ಬೇರ್ಪಡಿಸಿದ್ದರಲ್ಲಿ. ಸೌಕರ್ಯ ಒಂದೇ ದೊಡ್ಡ ಕಂಪನಿಯ ಕೈಯಲ್ಲಿದ್ದರೆ ಆ ಕಂಪನಿ ಹೊರಟ ದಿನ ಎಲ್ಲರೂ ಬೀದಿಗೆ ಬೀಳುತ್ತಾರೆ.

ಅದೇ ಡೌ ಈಗ ಅಲ್ಲಿಂದ ಹೊರಡುತ್ತಿದೆಯಲ್ಲ? ಹಾಗಾದರೆ ಮಾದರಿ ಸೋತಿತೆ?

ಅರ್ಧ ಹೌದು. ನೆಲೆಯ ಸೌಕರ್ಯ ಹಂಚಿಕೆಯಾಗಿದ್ದರೂ ಎಥಿಲೀನ್ ಮತ್ತು ಕ್ಲೋರಿನ್ ಎಂಬ ಎರಡು ಮೂಲವಸ್ತುಗಳು ಹೆಚ್ಚಾಗಿ ಒಂದೇ ಕಂಪನಿಯನ್ನು ಅವಲಂಬಿಸಿದ್ದವು. ಆ ದೌರ್ಬಲ್ಯವನ್ನು ಮೂವತ್ತು ವರ್ಷಗಳಲ್ಲಿ ಸರಿಪಡಿಸಲಾಗಲಿಲ್ಲ. ಆದರೆ 1990ಕ್ಕೂ ಇಂದಿಗೂ ಒಂದು ಮುಖ್ಯ ವ್ಯತ್ಯಾಸವಿದೆ: ಈ ಸಲ ಮುಚ್ಚುವ ಘಟಕಗಳ ಪಕ್ಕದಲ್ಲಿ ಬೇರೆ ಮಾಲೀಕರ ಕಾರ್ಖಾನೆಗಳು ನಿಂತಿವೆ, ಹಬೆ ಮತ್ತು ನೀರು ಹರಿಯುತ್ತಲೇ ಇವೆ, ಮತ್ತು ಎರಡು ವರ್ಷಕ್ಕೂ ಹೆಚ್ಚಿನ ಮುನ್ಸೂಚನೆ ಸಿಕ್ಕಿದೆ.

ಗಡಿ ದಾಟಿ ಸಹಕರಿಸಿದ ಪ್ರದೇಶಗಳು ಇವೆಯೇ?

ಇವೆ. ಬೆಲ್ಜಿಯಂನ ಆಂಟ್‌ವರ್ಪ್, ನೆದರ್‌ಲೆಂಡ್ಸ್ ಮತ್ತು ಜರ್ಮನಿಯ ರೈನ್–ರೂರ್ ಪ್ರದೇಶಗಳನ್ನು ಸುಮಾರು 500 ಕಿಲೋಮೀಟರ್ ಉದ್ದದ ಎಥಿಲೀನ್ ಪೈಪ್‌ಲೈನ್ ಜೋಡಿಸುತ್ತದೆ. ಒಂದು ಕಡೆ ಕ್ರ್ಯಾಕರ್ ದುರಸ್ತಿಗೆ ನಿಂತರೆ ಇನ್ನೊಂದು ದೇಶದಿಂದ ಎಥಿಲೀನ್ ಬರುತ್ತದೆ. ಬೆಲ್ಜಿಯಂನ ಫ್ಲಾಂಡರ್ಸ್, ನೆದರ್‌ಲೆಂಡ್ಸ್ ಮತ್ತು ಜರ್ಮನಿಯ ನಾರ್ತ್ ರೈನ್–ವೆಸ್ಟ್‌ಫಾಲಿಯಾ ಸರ್ಕಾರಗಳು 2017ರಲ್ಲಿ ಉದ್ಯಮದೊಂದಿಗೆ ಸೇರಿ ತ್ರಿಪಕ್ಷೀಯ ರಾಸಾಯನಿಕ ಕಾರ್ಯತಂತ್ರವನ್ನೂ ರೂಪಿಸಿದವು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಅನಿಲ ಪೈಪ್‌ಲೈನ್. ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ದಶಕಗಳ ಕಾಲ ದುಬಾರಿ ನಾಫ್ತಾವನ್ನು ಬಳಸಿ ಯೂರಿಯಾ ತಯಾರಿಸುತ್ತಿತ್ತು. ಕೇರಳದ ಊರುಗಳನ್ನು ದಾಟಿ ಬಂದ ಈ ಪೈಪು ಅದನ್ನು ಅನಿಲಕ್ಕೆ ಬದಲಿಸಿತು. ವರ್ಷ ವರ್ಷ ಒಂದು ಕಾರ್ಖಾನೆಯ ಹೆಚ್ಚುವರಿ ವೆಚ್ಚ ತುಂಬಿಕೊಡುವುದಕ್ಕಿಂತ ಹಲವರಿಗೆ ಉಪಯೋಗವಾಗುವ ಒಂದು ಪೈಪು ಹಾಕುವುದು ಎಷ್ಟೋ ಮೇಲು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಕರ್ನಾಟಕದಲ್ಲಿ ನನಗೆ ಕಾಣುವುದಿಲ್ಲ.

ದಕ್ಷಿಣ ಕೊರಿಯಾ ಸಾಮರ್ಥ್ಯವನ್ನೇ ಕಡಿಮೆ ಮಾಡಲು ಹೊರಟಿದೆ ಎಂದು ಕೇಳಿದ್ದೇವೆ. ಇದು ಎಂತಹ ನೆರವು?

ಕೊರಿಯಾದ ಪೆಟ್ರೋಕೆಮಿಕಲ್ ಉದ್ಯಮ ಯೋಸು, ದೇಸಾನ್ ಮತ್ತು ಉಲ್ಸಾನ್ ಎಂಬ ಮೂರು ನೆಲೆಗಳಲ್ಲಿದೆ. ಚೀನಾ ತನಗೆ ಬೇಕಾದದ್ದನ್ನು ತಾನೇ ತಯಾರಿಸತೊಡಗಿದ ಮೇಲೆ ಕೊರಿಯಾದ ರಫ್ತು ಕುಸಿಯಿತು. 2025ರ ಆಗಸ್ಟ್‌ನಲ್ಲಿ ಹತ್ತು ಕಂಪನಿಗಳು ನಾಫ್ತಾ ಒಡೆಯುವ ವಾರ್ಷಿಕ ಸಾಮರ್ಥ್ಯದಲ್ಲಿ 27ರಿಂದ 37 ಲಕ್ಷ ಟನ್ನಿನಷ್ಟನ್ನು ಕಡಿತಗೊಳಿಸಲು ಸರ್ಕಾರದೊಂದಿಗೆ ಒಪ್ಪಂದಕ್ಕೆ ಬಂದವು. ಮೊದಲು ನೀವು ಒಂದಾಗಿ ಯೋಜನೆ ಕೊಡಿ, ಮಾಲೀಕರು ತಮ್ಮ ಹಣ ಹಾಕಲಿ, ಆಮೇಲೆ ಸಾಲ, ತೆರಿಗೆ ಮತ್ತು ನಿಯಮಗಳಲ್ಲಿ ನೆರವು ಎಂಬುದು ಸರ್ಕಾರದ ಷರತ್ತು. ಜೊತೆಗೆ ಯೋಸು ನಗರವನ್ನು ಕೈಗಾರಿಕಾ ಬಿಕ್ಕಟ್ಟಿನ ಪ್ರದೇಶವೆಂದು ಮುಂಚಿತವಾಗಿಯೇ ಗುರುತಿಸಿ, ಅಲ್ಲಿನ ಸಣ್ಣ ಪೂರೈಕೆದಾರರಿಗೆ ಮತ್ತು ಕಾರ್ಮಿಕರಿಗೆ ಪ್ರತ್ಯೇಕ ನೆರವನ್ನು ಒದಗಿಸಲಾಯಿತು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಪರಿಹಾರ ಹುಡುಕುವ ಬದಲು ಊರಿಗೆ ಮೊದಲೇ ಹಣ ಬರುವ ಈ ಕ್ರಮವನ್ನು ನಮ್ಮ ಯೋಜಕರು ಗಂಭೀರವಾಗಿ ಅಧ್ಯಯನ ಮಾಡಬೇಕು.

ಸ್ಕಾಟ್‌ಲೆಂಡ್‌ನ ಗ್ರೇಂಜ್‌ಮೌತ್‌ನಿಂದ ಏನು ತಿಳಿಯುತ್ತದೆ?

ತಡವಾದ ನೆರವಿನ ಬೆಲೆ ತಿಳಿಯುತ್ತದೆ. ಅಲ್ಲಿನ ತೈಲ ಸಂಸ್ಕರಣಾಗಾರ 2025ರ ಏಪ್ರಿಲ್‌ನಲ್ಲಿ ಕೆಲಸ ನಿಲ್ಲಿಸಿತು. ಆ ನೆಲೆಯಲ್ಲಿ ಮುಂದೆ ಏನು ಮಾಡಬಹುದು ಎಂದು ಪರಿಶೀಲಿಸಿದ ವರದಿ ಹೊರಬಂದದ್ದು ಅದಕ್ಕೆ ಕೇವಲ ಒಂದು ತಿಂಗಳ ಮೊದಲು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಪಕ್ಕದ ಎಥಿಲೀನ್ ಘಟಕವನ್ನು ಉಳಿಸಲು 12 ಕೋಟಿ ಪೌಂಡ್ ಕೊಡಬೇಕಾಯಿತು.

ತೆರಿಗೆ ವಿನಾಯಿತಿ ಕೊಟ್ಟರೆ ಸಾಲದೆ?

ಅಮೆರಿಕದ ಲೂಸಿಯಾನ ರಾಜ್ಯ ದಶಕಗಳ ಕಾಲ ಇದನ್ನೇ ಮಾಡಿದೆ. ಮಿಸಿಸಿಪಿ ನದಿಯ ದಂಡೆಯ ರಾಸಾಯನಿಕ ಕಾರ್ಖಾನೆಗಳಿಗೆ ರಾಜ್ಯದ ಒಂದು ಮಂಡಳಿ ಹತ್ತು ವರ್ಷಗಳ ಆಸ್ತಿ ತೆರಿಗೆ ವಿನಾಯಿತಿ ನೀಡುತ್ತಿತ್ತು. ಆದರೆ ಆ ತೆರಿಗೆ ಸೇರಬೇಕಾಗಿದ್ದು ಸ್ಥಳೀಯ ಶಾಲೆಗಳಿಗೆ ಮತ್ತು ಸ್ಥಳೀಯ ಆಡಳಿತಕ್ಕೆ. ವಿನಾಯಿತಿ ಕೊಡುವವರು ರಾಜಧಾನಿಯಲ್ಲಿ, ನಷ್ಟ ಅನುಭವಿಸುವವರು ಕಾರ್ಖಾನೆಯ ಹೊಗೆಯ ಕೆಳಗೆ. 2016ರಲ್ಲಿ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಸ್ಥಳೀಯ ಸಂಸ್ಥೆಗಳ ಒಪ್ಪಿಗೆಯನ್ನೂ ಉದ್ಯೋಗದ ಷರತ್ತನ್ನೂ ಕಡ್ಡಾಯಗೊಳಿಸಿದರು. 2024ರಲ್ಲಿ ಬಂದ ಹೊಸ ಗವರ್ನರ್ ಉದ್ಯೋಗದ ಷರತ್ತನ್ನು ಕೈಬಿಟ್ಟರು. ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗಿನ ಆ ನದಿ ದಂಡೆಯನ್ನು ಅಲ್ಲಿನ ನಿವಾಸಿಗಳು ಕ್ಯಾನ್ಸರ್ ಓಣಿ ಎಂದು ಕರೆಯುತ್ತಾರೆ ಎಂಬುದನ್ನು ಲೆಕ್ಕಪತ್ರದಿಂದ ಹೊರಗಿಡಲಾಗದು.

ಇದಲ್ಲದೆ ಇನ್ನೊಂದು ತೊಡಕಿದೆ. ತೆರಿಗೆ ವಿನಾಯಿತಿಯ ಪ್ರಯೋಜನ ಸಿಗುವುದು ಹೆಚ್ಚಾಗಿ ಲಾಭದಲ್ಲಿರುವ ಅಥವಾ ಹೊಸದಾಗಿ ಕಟ್ಟುತ್ತಿರುವ ದೊಡ್ಡ ಕಂಪನಿಗೆ. ನಷ್ಟದಲ್ಲಿ ಒದ್ದಾಡುತ್ತಿರುವ ಹಳೆಯ ಸಣ್ಣ ಘಟಕದ ಕೈಗೆ ಅದರಿಂದ ಬರುವುದು ಬಹಳ ಕಡಿಮೆ.

ಭಾರತದ ರಾಜ್ಯಗಳು ಈವರೆಗೆ ಏನು ಮಾಡಿವೆ?

2007ರಲ್ಲಿ ಕೇಂದ್ರ ಸರ್ಕಾರ ಪಿಸಿಪಿಐಆರ್ ಎಂಬ ನೀತಿ ತಂದಿತು. ತಲಾ ಸುಮಾರು 250 ಚದರ ಕಿಲೋಮೀಟರ್ ವಿಸ್ತಾರದ ಪೆಟ್ರೋಲಿಯಂ ಮತ್ತು ರಾಸಾಯನಿಕ ವಲಯಗಳನ್ನು ಕರಾವಳಿಯಲ್ಲಿ ಕಟ್ಟುವುದು ಅದರ ಗುರಿ. ಗುಜರಾತಿನ ದಹೇಜ್ ಮಾತ್ರ ಗಣನೀಯವಾಗಿ ಬೆಳೆಯಿತು. ಆಂಧ್ರ ಮತ್ತು ಒಡಿಶಾದ ವಲಯಗಳು ನಿಧಾನವಾಗಿ ಸಾಗಿದವು. ಪಶ್ಚಿಮ ಬಂಗಾಳದಲ್ಲಿ ರಾಸಾಯನಿಕ ವಲಯಕ್ಕಾಗಿ ನಂದಿಗ್ರಾಮದಲ್ಲಿ ಜಮೀನು ತೆಗೆದುಕೊಳ್ಳಲು ಹೊರಟಾಗ ಭುಗಿಲೆದ್ದ ಪ್ರತಿಭಟನೆಯಲ್ಲಿ 2007ರ ಮಾರ್ಚ್ 14ರಂದು ಪೊಲೀಸರ ಗುಂಡಿಗೆ 14 ಜನ ಬಲಿಯಾದರು. ಜನರ ಒಪ್ಪಿಗೆಯಿಲ್ಲದ ನೆಲದ ಮೇಲೆ ಯಾವ ನೀತಿಯೂ ನಿಲ್ಲುವುದಿಲ್ಲ.

ಗುಜರಾತು ಮುಂದೆ ಹೋದದ್ದಕ್ಕೆ ರಿಯಾಯಿತಿಗಳಷ್ಟೇ ಕಾರಣವಲ್ಲ. ವಾಪಿ, ಅಂಕಲೇಶ್ವರ, ಪಾನೋಲಿಗಳಲ್ಲಿ ಆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ (ಜಿಐಡಿಸಿ) ದಶಕಗಳ ಹಿಂದೆಯೇ ಜಮೀನು, ನೀರು, ರಸ್ತೆ ಮತ್ತು ಸಾಮಾನ್ಯ ತ್ಯಾಜ್ಯನೀರು ಸಂಸ್ಕರಣಾ ಘಟಕಗಳನ್ನು ಒಟ್ಟಿಗೆ ಒದಗಿಸಿತು. ಸಣ್ಣ ಬಣ್ಣ ಕಾರ್ಖಾನೆಯವರಿಗೆ ತಮ್ಮದೇ ಸಂಸ್ಕರಣಾ ಘಟಕ ಕಟ್ಟುವ ಶಕ್ತಿ ಇರಲಿಲ್ಲ; ಒಟ್ಟಾಗಿ ಇತ್ತು. ಆದರೆ 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಅತಿ ಮಲಿನ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಅಂಕಲೇಶ್ವರ ಮತ್ತು ವಾಪಿ ಮೊದಲ ಸಾಲಿನಲ್ಲಿದ್ದವು, ಮತ್ತು ಅಂತಹ 43 ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ 2010ರಲ್ಲಿ ತಡೆ ಬಿತ್ತು. ಘಟಕ ಕಟ್ಟಿದರೆ ಸಾಲದು, ಅದನ್ನು ಸರಿಯಾಗಿ ನಡೆಸಬೇಕು. ಆ ಪಟ್ಟಿಯಲ್ಲಿ ನಮ್ಮ ಮಂಗಳೂರು ಮತ್ತು ಭದ್ರಾವತಿಯೂ ಇದ್ದವು.

ತೆಲಂಗಾಣದ್ದು ಬೇರೆ ದಾರಿ. 1999ರಲ್ಲಿ ಮುಚ್ಚಿದ್ದ ರಾಮಗುಂಡಂ ರಸಗೊಬ್ಬರ ಕಾರ್ಖಾನೆಯ ಜಾಗದಲ್ಲೇ ಅನಿಲ ಆಧಾರಿತ ಹೊಸ ಯೂರಿಯಾ ಕಾರ್ಖಾನೆ 2021ರಲ್ಲಿ ಉತ್ಪಾದನೆ ಆರಂಭಿಸಿತು. ಅದರಲ್ಲಿ ರಾಜ್ಯ ಸರ್ಕಾರಕ್ಕೆ ಶೇ 11ರಷ್ಟು ಷೇರು ಇದೆ. ಸಹಾಯಧನ ಕೊಟ್ಟು ಮರೆಯುವ ಬದಲು ಪಾಲುದಾರನಾಗಿ ಒಳಗೆ ಕುಳಿತರೆ ಲೆಕ್ಕ ಕೇಳುವ ಹಕ್ಕು ಬರುತ್ತದೆ.

ಕರ್ನಾಟಕದಲ್ಲಿ ಸಂಕಷ್ಟದಿಂದ ಹೊರಬಂದ ಉದಾಹರಣೆ ಇದೆಯೇ?

ಮಂಗಳೂರು ವಿಶೇಷ ಆರ್ಥಿಕ ವಲಯದ ಜೆಬಿಎಫ್ ಪೆಟ್ರೋಕೆಮಿಕಲ್ಸ್ ಕಾರ್ಖಾನೆಯನ್ನು ನೋಡಬಹುದು. ಪಾಲಿಯೆಸ್ಟರ್‌ಗೆ ಬೇಕಾದ ಪಿಟಿಎ ಎಂಬ ವಸ್ತುವನ್ನು ವರ್ಷಕ್ಕೆ 12.5 ಲಕ್ಷ ಟನ್ ತಯಾರಿಸಲು ಕಟ್ಟಿದ ಈ ಕಾರ್ಖಾನೆ ಸಾಲದ ಹೊರೆಯಲ್ಲಿ ಸಿಲುಕಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ಕಚ್ಚಾವಸ್ತುವಾದ ಪ್ಯಾರಾಕ್ಸೈಲೀನ್ ಅದೇ ವಲಯದಲ್ಲಿ, ಈಗ ಎಂಆರ್‌ಪಿಎಲ್ ತೈಲ ಸಂಸ್ಕರಣಾ ಕಂಪನಿಯಲ್ಲಿ ವಿಲೀನವಾಗಿರುವ ಒಎಂಪಿಎಲ್ ಘಟಕದಲ್ಲಿ ತಯಾರಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರದ ಅನಿಲ ಕಂಪನಿಯಾದ ಗೇಲ್ ಸುಮಾರು 2,100 ಕೋಟಿ ರೂಪಾಯಿ ತೊಡಗಿಸಿ ಕಾರ್ಖಾನೆಯನ್ನು ಕೊಂಡಿತು. ಪಕ್ಕದಲ್ಲಿ ಕಚ್ಚಾವಸ್ತು, ಬಂದರು ಮತ್ತು ಅನಿಲ ಇಲ್ಲದಿದ್ದರೆ ಆ ಯಂತ್ರಗಳು ಗುಜರಿಗೆ ಹೋಗುತ್ತಿದ್ದವು ಎಂಬುದು ನನ್ನ ಅಂದಾಜು.

ಸಂಕಷ್ಟದ ಕಾಲದಲ್ಲಿ ಮಾಲಿನ್ಯ ಮತ್ತು ಸುರಕ್ಷತಾ ನಿಯಮಗಳನ್ನು ಸ್ವಲ್ಪ ಸಡಿಲಿಸಿದರೆ ತಪ್ಪೇನು?

ಇದು ಅತಿ ಹೆಚ್ಚು ಬಾರಿ ಕೇಳಿಬರುವ ಬೇಡಿಕೆ, ಮತ್ತು ಅತಿ ಅಪಾಯಕಾರಿಯಾದದ್ದು. ಹಣದ ಮುಗ್ಗಟ್ಟಿನಲ್ಲಿರುವ ಕಾರ್ಖಾನೆ ಮೊದಲು ಕಡಿತಗೊಳಿಸುವುದು ದುರಸ್ತಿಯ ಖರ್ಚನ್ನು, ಅನುಭವಿ ಕೆಲಸಗಾರರನ್ನು. ನಿಂತ ಕಾರ್ಖಾನೆ ಸುರಕ್ಷಿತ ಎಂದು ಭಾವಿಸುವುದೂ ತಪ್ಪು. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಲಾಕ್‌ಡೌನ್ ಕಾರಣ ಟ್ಯಾಂಕಿನಲ್ಲಿ ಸುಮ್ಮನೆ ನಿಂತಿದ್ದ ಸ್ಟೈರೀನ್ ಎಂಬ ದ್ರವ ಬಿಸಿಯಾಗಿ ಆವಿಯಾಗಿ ಸೋರಿ, ನಿದ್ರೆಯಲ್ಲಿದ್ದ ಊರಿನ 12 ಜನ ಸತ್ತರು. ಚೀನಾದ ಜಿಯಾಂಗ್ಸು ಪ್ರಾಂತ್ಯದ ಶಿಯಾಂಗ್‌ಶುಯಿಯಲ್ಲಿ 2019ರ ಮಾರ್ಚ್‌ನಲ್ಲಿ ಸಂಗ್ರಹಿಸಿಟ್ಟ ರಾಸಾಯನಿಕ ತ್ಯಾಜ್ಯ ಸ್ಫೋಟಿಸಿ 78 ಜನ ಸತ್ತ ಮೇಲೆ ಅಲ್ಲಿನ ಆಡಳಿತ ಆ ಇಡೀ ಕೈಗಾರಿಕಾ ಪ್ರದೇಶವನ್ನೇ ಮುಚ್ಚಿತು. ಒಬ್ಬರ ನಿರ್ಲಕ್ಷ್ಯಕ್ಕೆ ಸರಿಯಾಗಿ ನಡೆಯುತ್ತಿದ್ದ ಘಟಕಗಳೂ ಬೆಲೆ ತೆತ್ತವು.

ಸರಿಯಾದ ದಾರಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಕಾಣುತ್ತದೆ. ನೊಯ್ಯಲ್ ನದಿಯನ್ನು ಕೆಡಿಸಿದ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಅಲ್ಲಿನ ಬಣ್ಣ ಹಾಕುವ ಘಟಕಗಳನ್ನು ಮುಚ್ಚಲು ಆದೇಶಿಸಿತು. ಊರಿನ ಜೀವನಾಧಾರವೇ ನಿಂತುಹೋಯಿತು. ಆಗ ರಾಜ್ಯ ಸರ್ಕಾರ ನಿಯಮವನ್ನು ಸಡಿಲಿಸಲಿಲ್ಲ. ಸಾಮಾನ್ಯ ಸಂಸ್ಕರಣಾ ಘಟಕಗಳು ಒಂದು ಹನಿಯನ್ನೂ ಹೊರಬಿಡದ ಮಟ್ಟಕ್ಕೆ ಏರಲು 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ನೀಡಿತು. ನೀರನ್ನು ಶುದ್ಧೀಕರಿಸಿ ಮರುಬಳಸುವುದು ದುಬಾರಿ ಎಂಬುದು ನಿಜ, ಕೆಲವು ಘಟಕಗಳು ಮರಳಿ ತೆರೆಯಲಿಲ್ಲ ಎಂಬುದೂ ನಿಜ. ಆದರೆ ತಿರುಪ್ಪೂರಿನ ಉದ್ಯಮ ಉಳಿಯಿತು, ಇಂದು ವಿದೇಶಿ ಗ್ರಾಹಕರ ಮುಂದೆ ಅದೇ ಅದರ ಹೆಗ್ಗಳಿಕೆ. ವೃಷಭಾವತಿಯ ನೀರು ಬೈರಮಂಗಲದ ಹೊಲಗಳಿಗೆ ಯಾವ ಬಣ್ಣದಲ್ಲಿ ತಲುಪುತ್ತದೆ ಎಂಬುದನ್ನು ಬಲ್ಲ ಬೆಂಗಳೂರಿಗರಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ.

ಆಮದಿನ ಮೇಲೆ ಹೆಚ್ಚು ಸುಂಕ ಹಾಕಿದರೆ ನಮ್ಮ ಕಾರ್ಖಾನೆಗಳು ಉಳಿಯುವುದಿಲ್ಲವೇ?

ಕೆಲವು ಉಳಿಯುತ್ತವೆ, ಅವುಗಳಿಂದ ಕೊಳ್ಳುವವರು ಸೊರಗುತ್ತಾರೆ. ಮೇಲೆ ಹೇಳಿದ ಪಿಟಿಎ ಮೇಲೆಯೇ, ಅತಿ ಅಗ್ಗದ ಆಮದನ್ನು ತಡೆಯುವ ಆಂಟಿ ಡಂಪಿಂಗ್ ಸುಂಕ ಇತ್ತು. ಜವಳಿ ಉದ್ಯಮಕ್ಕೆ ಕಚ್ಚಾವಸ್ತು ದುಬಾರಿಯಾಗುತ್ತಿದೆ ಎಂಬ ಕಾರಣಕ್ಕೆ 2020ರ ಬಜೆಟ್ಟಿನಲ್ಲಿ ಅದನ್ನು ತೆಗೆಯಲಾಯಿತು. ಸುಂಕ ಅಲ್ಪಕಾಲದ ರಕ್ಷಣೆಯಾಗಿ ಸಮರ್ಥನೀಯ, ಅಷ್ಟೇ. ಅದು ರಾಜ್ಯದ ಕೈಯಲ್ಲಿಯೂ ಇಲ್ಲ.

ಕಾರ್ಮಿಕರಿಗೆ ಪ್ರದೇಶ ಏನು ಮಾಡಬಹುದು?

ಜರ್ಮನಿಯಲ್ಲಿ ಬೇಡಿಕೆ ಕುಸಿದಾಗ ಕಂಪನಿಗಳು ಕೆಲಸಗಾರರನ್ನು ತೆಗೆಯದೆ ಕೆಲಸದ ಗಂಟೆಗಳನ್ನು ಕಡಿತಗೊಳಿಸುತ್ತವೆ, ಮತ್ತು ಕಳೆದುಕೊಂಡ ನಿವ್ವಳ ವೇತನದ ಶೇ 60ರಷ್ಟನ್ನು, ಮಕ್ಕಳಿರುವವರಿಗೆ ಶೇ 67ರಷ್ಟನ್ನು, ಉದ್ಯೋಗ ವಿಮೆಯ ನಿಧಿ ಭರಿಸುತ್ತದೆ. ಇದರಿಂದ ಮಾರುಕಟ್ಟೆ ಚೇತರಿಸಿಕೊಂಡಾಗ ಕೆಲಸ ಬಲ್ಲವರು ಸ್ಥಳದಲ್ಲೇ ಇರುತ್ತಾರೆ. ನಮ್ಮಲ್ಲಿ ಗುತ್ತಿಗೆ ಕಾರ್ಮಿಕರು ಬಹಳ ಇರುವುದರಿಂದ ಒಂದು ಫೋನ್ ಕರೆಯಲ್ಲಿ ಕೆಲಸ ಹೋಗುತ್ತದೆ, ಬಾಯ್ಲರ್ ಅಥವಾ ರಿಯಾಕ್ಟರ್ ನಡೆಸಿ ಅನುಭವವುಳ್ಳವರು ಊರಿಗೆ ಮರಳುತ್ತಾರೆ ಇಲ್ಲವೇ ಡೆಲಿವರಿ ಕೆಲಸಕ್ಕೆ ಸೇರುತ್ತಾರೆ. ರಾಜ್ಯ ಸರ್ಕಾರ ನೀಡುವ ಯಾವುದೇ ರಿಯಾಯಿತಿಯಲ್ಲಿ ಗುತ್ತಿಗೆ ಕಾರ್ಮಿಕರನ್ನೂ ಲೆಕ್ಕಕ್ಕೆ ಹಿಡಿಯುವ ಷರತ್ತು ಇರಬೇಕು.

ನೆರವಿಗೆ ಎಂತಹ ಷರತ್ತುಗಳು ಇರಬೇಕು?

ಯುರೋಪಿನ ಹೊಸ ನಿಯಮಗಳ ಪ್ರಕಾರ ಅಗ್ಗದ ವಿದ್ಯುತ್ ಪಡೆಯುವ ಕಾರ್ಖಾನೆ ಆ ನೆರವಿನ ಅರ್ಧದಷ್ಟನ್ನು ಇಂಗಾಲದ ಹೊರಸೂಸುವಿಕೆ ತಗ್ಗಿಸುವ ಕೆಲಸಕ್ಕೆ ತೊಡಗಿಸಬೇಕು. ಇಂತಹ ಸರಳ, ಅಳೆಯಬಹುದಾದ ಷರತ್ತು ನಮಗೂ ಹೊಂದುತ್ತದೆ. ನೆರವಿಗೆ ಅಂತಿಮ ದಿನಾಂಕ ಇರಬೇಕು. ಘಟಕ ಮುಚ್ಚುವುದಾದರೆ ಮಣ್ಣು ಮತ್ತು ಟ್ಯಾಂಕುಗಳನ್ನು ಸ್ವಚ್ಛಗೊಳಿಸುವ ಹಣವನ್ನು ಮೊದಲೇ ಠೇವಣಿ ಇಡಿಸಬೇಕು. ಯಾರಿಗೆ ಎಷ್ಟು ಕೊಟ್ಟೆವು, ಪ್ರತಿಯಾಗಿ ಏನು ಬಂತು ಎಂಬುದನ್ನು ಕನ್ನಡದಲ್ಲಿ, ಸುತ್ತಲಿನ ಗ್ರಾಮ ಪಂಚಾಯಿತಿಯ ಫಲಕದ ಮೇಲೂ ಪ್ರಕಟಿಸಬೇಕು.

ನಮ್ಮ ಇತಿಹಾಸದಲ್ಲಿ ಇಂತಹ ಪ್ರಯತ್ನ ನಡೆದಿತ್ತೆ?

ನಡೆದಿತ್ತು. ಮೈಸೂರು ಸಂಸ್ಥಾನದ ಶ್ರೀಗಂಧದ ಮರಕ್ಕೆ ಜರ್ಮನಿ ದೊಡ್ಡ ಗ್ರಾಹಕವಾಗಿತ್ತು. ಮೊದಲ ಮಹಾಯುದ್ಧ ಆರಂಭವಾಗಿ ಆ ರಫ್ತು ನಿಂತಾಗ ಮರ ಕೊಳ್ಳುವವರಿಲ್ಲದೆ ಉಳಿಯಿತು. ಸಂಸ್ಥಾನ ಮರವನ್ನು ಅಗ್ಗಕ್ಕೆ ಮಾರಲು ಹೊರಡಲಿಲ್ಲ. 1916ರಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಆರಂಭಿಸಿತು, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಬಂತು. ಕಚ್ಚಾವಸ್ತು ಮಾರುವ ನಾಡು ಸರಪಳಿಯ ಮುಂದಿನ ಎರಡು ಕೊಂಡಿಗಳನ್ನು ತಾನೇ ಕಟ್ಟಿಕೊಂಡಿತು.

ಪೀಣ್ಯದಲ್ಲೋ ಜಿಗಣಿಯಲ್ಲೋ ಸಣ್ಣ ಘಟಕ ನಡೆಸುವವರು ಈಗಲೇ ಏನು ಮಾಡಬಹುದು?

ಮೊದಲನೆಯದಾಗಿ, ಬಾಕಿ ಹಣವನ್ನು ಕೇಳಿ ಪಡೆಯಿರಿ. ಸಣ್ಣ ಉದ್ಯಮಗಳ ಅಭಿವೃದ್ಧಿಗಾಗಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಅದಕ್ಕೆ ಉದ್ಯಮ್ ನೋಂದಣಿ ಮಾಡಿಸಿರಬೇಕು, ದೂರನ್ನು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಇಡಬಹುದು.

ಎರಡನೆಯದಾಗಿ, ಅಕ್ಕಪಕ್ಕದ ಘಟಕಗಳೊಂದಿಗೆ ಸೇರಿ. ಸಣ್ಣ ಉದ್ಯಮಗಳ ಸಮೂಹಗಳಿಗಾಗಿ ಇರುವ ಎಂಎಸ್‌ಇ–ಸಿಡಿಪಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ಅನುದಾನ ಸಿಗುತ್ತದೆ, ಆದರೆ ಅರ್ಜಿ ಹಾಕಲು ಘಟಕಗಳು ಒಟ್ಟಾಗಿ ಒಂದು ಸಂಸ್ಥೆಯನ್ನು ನೋಂದಾಯಿಸಬೇಕು. ಪರೀಕ್ಷಾಲಯ, ದ್ರಾವಕವನ್ನು ಶುದ್ಧೀಕರಿಸಿ ಮರಳಿ ಪಡೆಯುವ ಘಟಕ, ತ್ಯಾಜ್ಯನೀರಿನ ಸಂಸ್ಕರಣೆ ಇವುಗಳಲ್ಲಿ ಯಾವುದು ನಿಮ್ಮ ಸಾಲಿನ ಎಲ್ಲರಿಗೂ ಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಮತ್ತು ಸ್ಥಳೀಯ ಕೈಗಾರಿಕಾ ಸಂಘಗಳ ಮೂಲಕ ಈ ಮಾತುಕತೆ ಆರಂಭಿಸುವುದು ಸುಲಭ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಕೊಡುವುದನ್ನೂ ಮರೆಯಬೇಡಿ, ಏಕೆಂದರೆ ಅದು ಚಾಲ್ತಿಯಲ್ಲಿ ಇಲ್ಲದಿದ್ದರೆ ನೆರವಿನ ಅರ್ಜಿ ಮುಂದುವರಿಯುವುದು ಕಷ್ಟ.